ಬುನಾದಿಯಲ್ಲಿ ಬಿದ್ದ ಬೀಜ

ಹುಬ್ಬಳ್ಳಿಯಿಂದ ಬೆಂಗಳೂರಿನ ದಾರಿ ಹಿಡಿದವರಿಗೆ, ಪಟ್ಟಣ ಮುಗಿಯಿತೆನ್ನುವಷ್ಟರಲ್ಲಿ ಎದುರಾಗುವ ಗಬ್ಬೂರ, ಒಂದು ಕಾಲಕ್ಕೆ ಎರೆಹೊಲಗಳ ನಡುವಿನ ಸಣ್ಣ ಗ್ರಾಮವಾಗಿದ್ದು, ಈಗ ಮಹಾನಗರದ ಸೆರಗಿನಲ್ಲಿ ಸೇರಿಕೊಂಡು, ನರೇಂದ್ರದ ಕಡೆಯಿಂದ ಬರುವ ಬೈಪಾಸು ಹೆದ್ದಾರಿಯನ್ನು ಕೂಡುವ ಸ್ಥಳವೆಂದೇ ಬಹುಮಂದಿಗೆ ಪರಿಚಿತವಾಗಿದೆ. ಅಲ್ಲಿಯ ಹಳೆಯ ಮನೆಯೊಂದರ ಮುಂದಣ ಕಟ್ಟೆಯ ಮೇಲೆ, ರೋಹಿಣಿ ಮಳೆ ಇನ್ನೂ ಹನಿಯಿಕ್ಕದ ಒಂದು ಸಂಜೆ, ಇಬ್ಬರು ಕುಳಿತಿದ್ದರು. ಹಿರಿಯರು ಆ ಮನೆಯಲ್ಲಿಯೇ ಹುಟ್ಟಿ ಬೆಳೆದವರು. ಕಿರಿಯರು ಅವರ ಅಣ್ಣನ ಮಗ, ಬಹುವರ್ಷ ಅಮೆರಿಕ ಖಂಡದಲ್ಲಿದ್ದು ರಜೆಗೆಂದು ಬಂದವರು. ಮನೆಯ ಮುಂಭಾಗದ ಮೇಲ್ಛಾವಣಿ ಇನ್ನೂ ಮಣ್ಣಿನ ಮೇಲ್ಮುದ್ದೆಯದು. ಹಿಂದಿನ ದನದ ಕೊಟ್ಟಿಗೆಯದು ಮಂಗಳೂರು ಹಂಚಿನದು. ಮಳೆಗಾಲಕ್ಕೆ ಮುನ್ನ ಇಳಿಸಿ ತೊಳೆದ ಹಂಚುಗಳು ಕಟ್ಟೆಯ ಪಕ್ಕದಲ್ಲಿ ಒಟ್ಟಿದ್ದವು.

ಕಿರಿಯರು: ಕಾಕಾ, ಕಳೆದ ವರ್ಷ ನಾನು ಪೆರು ದೇಶದ ಕುಸ್ಕೋ ಎಂಬ ಪಟ್ಟಣಕ್ಕೆ ಹೋಗಿದ್ದೆ. ಅಲ್ಲಿ ಇಂಕಾ ಜನರ ಸೂರ್ಯದೇವಾಲಯವೊಂದಿತ್ತು. ಸ್ಪೇನಿನವರು ನಾಡನ್ನು ಗೆದ್ದ ಮೇಲೆ ಅದನ್ನು ಪೂರ್ತಿ ಕೆಡಹುವ ಗೋಜಿಗೆ ಹೋಗದೆ, ಅದರ ಗೋಡೆಗಳ ಮೇಲೆಯೇ ತಮ್ಮ ಕ್ರೈಸ್ತ ಮಠವನ್ನು ಎತ್ತಿದರು. 1950ರಲ್ಲಿ ಭೂಮಿ ನಡುಗಿದಾಗ ಮೇಲಿನ ಮಠದ ಬಹುಭಾಗ ಉರುಳಿತು. ಕೆಳಗಿನ ಇಂಕಾ ಗೋಡೆ, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಆ ಗೋಡೆ, ಅಲುಗಲಿಲ್ಲ. ಅದನ್ನು ನೋಡುತ್ತ ನಿಂತಾಗ ನನಗೆ ನಮ್ಮ ಹುಬ್ಬಳ್ಳಿ ಧಾರವಾಡಗಳ ನೆನಪಾಯಿತು. ಇಲ್ಲಿಯೂ ಪರಕೀಯರು ಕಟ್ಟಿದ ಕಚೇರಿ, ಇಗರ್ಜಿ, ಬಂಗಲೆ, ಸ್ಟೇಶನ್ನುಗಳಿವೆ. ಅವುಗಳ ಕೆಳಗೆ ಯಾವ ಗೋಡೆಯಿದೆ?

ಹಿರಿಯರು: ಗೋಡೆಯನ್ನು ಹುಡುಕಿದರೆ ನಿನಗೆ ನಿರಾಶೆಯಾದೀತು, ತಮ್ಮಾ. ಇಲ್ಲಿ ಆಂಗ್ಲರು ದೇವಾಲಯದ ಮೇಲೆ ದೇವಾಲಯ ಕಟ್ಟುವ ಹಟಕ್ಕೆ ಬಿದ್ದವರಲ್ಲ; ಊರ ಹೊರಗೆ ಬಯಲು ನೋಡಿ, ಗಾಳಿ ನೋಡಿ, ವಿಶಾಲವಾದ ಆವರಣ ಹಾಕಿಕೊಂಡು ಕುಳಿತವರು. ಆದರೆ ಆ ಕಟ್ಟಡಗಳಿಗೂ ಬುನಾದಿಯುಂಟು. ಅದು ಭೂಮಿಯ ಒಳಗಿಲ್ಲ, ಭೂಮಿಯೇ ಅದು. ಅಗೊ, ಆ ಹೆದ್ದಾರಿಯ ಆಚೆ ಲಾರಿಗಳ ಧೂಳಿನಲ್ಲಿ ಮಸುಕಾಗಿ ಕಾಣುವ ಕರಿಯ ಹೊಲ. ನೀನು ಹುಡುಕುವ ಗೋಡೆಯ ಬುಡ ಅಲ್ಲಿದೆ.

ಕಿರಿಯರು: ಹತ್ತಿಯ ಮಾತೇ?

ಹಿರಿಯರು: ಹತ್ತಿಯ ಮಾತೇ. ಆದರೆ ಮೊದಲು ನಿನ್ನ ಮಾತು ಮುಗಿಯಲಿ. ಆ ನಾಡಿನಲ್ಲಿ ಜನ ಬಾಳುವ ಮನೆ ಹೇಗಿರುತ್ತದೆ? ಮಠ ಅರಮನೆಗಳನ್ನು ಚಿತ್ರದಲ್ಲಿ ಕಂಡಿದ್ದೇನೆ. ಒಲೆ ಎಲ್ಲಿರುತ್ತದೆಂಬುದನ್ನು ಯಾರೂ ಚಿತ್ರ ತೆಗೆದು ತೋರಿಸುವುದಿಲ್ಲ.

ಕಿರಿಯರು: ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನು 1573ರಲ್ಲಿ, ಹೊಸ ಊರುಗಳನ್ನು ಹೇಗೆ ಕಟ್ಟಬೇಕೆಂದು ಸಮುದ್ರದ ಈಚೆಯಿಂದಲೇ ಕಟ್ಟಳೆ ಬರೆಯಿಸಿ ಕಳುಹಿಸಿದನಂತೆ: ನಡುವೆ ಚೌಕ, ಚೌಕದ ಸುತ್ತ ವರ್ತಕರ ಅನುಕೂಲಕ್ಕೆ ಕಮಾನಿನ ಮೊಗಸಾಲೆ, ಅಲ್ಲಿಂದ ನೇರವಾಗಿ ಹೊರಡುವ ಬೀದಿಗಳು. ಮೆಕ್ಸಿಕೋದಲ್ಲಿ ಇಂದಿಗೂ ಅನೇಕ ಊರುಗಳು ಆ ಅಚ್ಚಿನವು. ಮನೆಗಳಾದರೋ, ಬೀದಿಗೆ ಬೆನ್ನು ಹಾಕಿ ಒಳಗಿನ ಅಂಗಳಕ್ಕೆ ಮುಖ ತಿರುಗಿಸಿದಂಥವು. ಗೋಡೆ ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಯದು. ಅದಕ್ಕೆ ಅವರು ‘ಅದೋಬೆ’ ಎನ್ನುತ್ತಾರೆ. ಶಬ್ದ ಅರಬರಿಂದ ಸ್ಪೇನಿಗೆ ಬಂದು ಅಲ್ಲಿಂದ ಹಡಗು ಹತ್ತಿದ್ದು. ಮಣ್ಣಿನ ಇಟ್ಟಿಗೆಯ ವಿದ್ಯೆ ಮಾತ್ರ ಹಡಗು ಬರುವುದಕ್ಕೆ ಎಷ್ಟೋ ಮುಂಚೆಯೇ ಅಲ್ಲಿಯವರಿಗೆ ಗೊತ್ತಿತ್ತು. ಅಡಿಗೆಯ ಮನೆಯಲ್ಲಿ ಗೋವಿನಜೋಳವನ್ನು ಕಲ್ಲಿನ ಮೇಲೆ ಅರೆದು, ಕೈಯಲ್ಲಿ ತಟ್ಟಿ, ಮಣ್ಣಿನ ಅಗಲವಾದ ಹಂಚಿನ ಮೇಲೆ ಬೇಯಿಸುತ್ತಾರೆ. ಮೊದಲ ದಿನ ಆ ತಟ್ಟುವ ಸಪ್ಪಳ ಕೇಳಿ, ಒಳಗೆ ಚಿಗವ್ವನೇ ಕುಳಿತಿರಬೇಕೆಂದು ನನಗೆ ಒಂದು ಕ್ಷಣ ಅನ್ನಿಸಿತು.

ಹಿರಿಯರು: ಹಾಗಾದರೆ ದೊರೆಯ ಕಟ್ಟಳೆ ಚೌಕದವರೆಗೆ ನಡೆಯಿತು, ಒಲೆಯವರೆಗೆ ನಡೆಯಲಿಲ್ಲವೆಂದಾಯಿತು. ಇಲ್ಲಿಯೂ ಹಾಗೆಯೇ. ಈ ನಮ್ಮ ಮನೆಯನ್ನೇ ನೋಡು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಕಂಬ, ತೊಲೆ, ಜಂತಿ, ಜಂತಿಯ ಮೇಲೆ ಕಟ್ಟಿಗೆ ಹರವಿ ಹಾಕಿದ ಮೇಲ್ಮುದ್ದೆ, ಪಡಸಾಲೆಗೆ ಬೆಳಕು ಇಳಿಯಲೆಂದು ಬಿಟ್ಟ ಬೆಳಕಿಂಡಿ, ಧಾನ್ಯ ತುಂಬಲು ನೆಲದಲ್ಲಿ ತೋಡಿದ ಹಗೇವು. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಮೇಲೆ ಸವಳು ಮಣ್ಣು ಹೊತ್ತುಹಾಕಿ ತುಳಿದರೆ ಮನೆ ತಂಪು. ಒಂದು ವರ್ಷ ಮರೆತೆವೋ, ಆಷಾಢದಲ್ಲಿ ಹಾಸಿಗೆಯ ಮೇಲೆಯೇ ಹನಿ. ಬೆಳವಲದ ಸೀಮೆಯ ಮಾಳಿಗೆ ಮನೆಗೂ ಮಲೆನಾಡಿನ ಇಳಿಜಾರು ಮನೆಗೂ ನಡುವಿನ ಗಡಿ ನಮ್ಮ ಭಾಗದಲ್ಲಿಯೇ ಹಾದುಹೋಗುತ್ತದೆ. ಈ ಮನೆ ಗಡಿಯ ಮೇಲೆ ನಿಂತು, ಮುಂಗಾಲು ಅತ್ತ ಹಿಂಗಾಲು ಇತ್ತ ಇಟ್ಟುಕೊಂಡಿದೆ. ಕೊಟ್ಟಿಗೆಗೆ ಹಂಚು ಹೊದಿಸಿದವರು ನನ್ನ ಅಜ್ಜ. ಆ ಒಟ್ಟಿಲಿನಿಂದ ಒಂದನ್ನು ಎತ್ತಿಕೊ. ಅಡಿಮೇಲು ಮಾಡು.

ಕಿರಿಯರು: ಇಂಗ್ಲಿಷ್ ಅಕ್ಷರಗಳಲ್ಲಿ ಮಂಗಳೂರೆಂದು ಒತ್ತಿದ್ದಾರೆ. ಅಂಚಿನ ಎರಡು ಅಕ್ಷರ ಸವೆದಿವೆ.

ಹಿರಿಯರು: ಮೇಲಿನಿಂದ ಹಕ್ಕಿಗೂ ಕಾಣದ ಈ ಮುದ್ರೆ, ಒಳಗೆ ಅಂಗಾತ ಮಲಗಿದವನಿಗೆ ಮಾತ್ರ ಕಾಣುತ್ತದೆ. ಎಮ್ಮೆಯ ಬಾಣಂತನಕ್ಕೆ ಕಾವಲು ಮಲಗಿದ್ದ ರಾತ್ರಿಗಳಲ್ಲಿ ನಾನು ಇಂಗ್ಲಿಷಿನ ಮೊದಲ ಅಕ್ಷರಗಳನ್ನು ಕಲಿತದ್ದು ಸಾಲೆಯಲ್ಲಲ್ಲ, ಕಂದೀಲಿನ ಬೆಳಕಿನಲ್ಲಿ ಈ ಹಂಚುಗಳ ಹೊಟ್ಟೆಯ ಮೇಲೆ. ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅವರ ಪೈಕಿ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಕಾಲುವೆಯಂತೆ ಒಂದಕ್ಕೊಂದು ಕೊಂಡಿಹಾಕಿಕೊಳ್ಳುವ ಈ ಹಂಚು ಬರುವ ಮೊದಲು, ಕುಂಬಾರನು ಚಕ್ರದ ಮೇಲೆ ಎತ್ತಿ ಸೀಳಿದ ಹಂಚಿಗೆ ಬರಿಯ ‘ಹಂಚು’ ಎಂದೇ ಹೆಸರಿತ್ತು. ಇದು ಬಂದ ಮೇಲೆ ಅದು ‘ನಾಡಹಂಚು’ ಆಯಿತು. ಇದನ್ನು ಮನಸ್ಸಿನಲ್ಲಿಟ್ಟುಕೊ, ಹೊರಗಿನದು ಒಳಗೆ ಬಂದಿತೆಂಬುದಕ್ಕೆ ಕುರುಹು, ಅದಕ್ಕೆ ನಾವು ಹೆಸರು ಕೊಡುವುದಲ್ಲ, ಮೊದಲಿನಿಂದ ಇದ್ದದ್ದಕ್ಕೆ ವಿಶೇಷಣ ಹಚ್ಚುವುದು.

ಕಿರಿಯರು: ಮೆಣಸಿಗೂ ಹಾಗೆಯೇ ಆಗಿದೆ. ನಮ್ಮ ಮಲೆಯ ಬಳ್ಳಿಯಲ್ಲಿ ಬಿಡುವುದು ಬರಿಯ ಮೆಣಸಾಗಿತ್ತು. ಅಮೆರಿಕದ ಕಾಯಿಯನ್ನು ಪೋರ್ತುಗೀಜರು ತಂದ ಮೇಲೆ, ಅದು ‘ಮೆಣಸಿನಕಾಯಿ’ ಎಂಬ ಹೆಸರು ಹೊತ್ತು ಬ್ಯಾಡಗಿಯ ಪೇಟೆಯನ್ನೇ ಕೆಂಪು ಮಾಡಿತು. ಪಾಪ, ಹಳೆಯ ಮೆಣಸು ತನ್ನ ಗುರುತಿಗೆಂದು ‘ಕಾಳುಮೆಣಸು’, ‘ಕರಿಮೆಣಸು’ ಎನ್ನಿಸಿಕೊಳ್ಳಬೇಕಾಯಿತು.

ಹಿರಿಯರು: ಬಟಾಟಿ, ಶೇಂಗಾ, ಗೋವಿನಜೋಳ, ತಂಬಾಕು, ಎಲ್ಲವೂ ಆ ಹಡಗಿನವೇ. ಗೋವೆಯೂ ಬ್ರಾಝಿಲ್ಲೂ ಒಬ್ಬನೇ ದೊರೆಯ ಕೈಯಲ್ಲಿದ್ದವಷ್ಟೆ. ಅಲ್ಲಿಯ ಗಡ್ಡೆಗೆಣಸು ಇಲ್ಲಿಗೆ ಬರಲು ಬೇರೆ ರಹದಾರಿ ಬೇಕಾಗಲಿಲ್ಲ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯ ಕೆಲಸಗಾರನು ಆಂಗ್ಲರ ಕೈಯಿಂದ ‘ಪಗಾರ’ ಎಣಿಸಿಕೊಂಡಾಗಲೂ ಆ ಮಾತು ಪೋರ್ತುಗೀಜರದು. ಪಗಾರ ತಂದಿಟ್ಟ ಪೆಟ್ಟಿಗೆಯ ‘ಚಾವಿ’ಯೂ ಅವರದೇ. ಆದರೆ ಇವೆಲ್ಲ ತಾವಾಗಿ, ಕೈಯಿಂದ ಕೈಗೆ, ಹಿತ್ತಲಿನಿಂದ ಹಿತ್ತಲಿಗೆ ನಡೆದುಬಂದವು. ಹತ್ತಿ ಮಾತ್ರ ಹಾಗೆ ಬಂದದ್ದಲ್ಲ. ಅದನ್ನು ಸರಕಾರ ಕೈಹಿಡಿದು ಕರೆತಂದಿತು.

ಕಿರಿಯರು: ಅದನ್ನೇ ಹೇಳಿರಿ.

ಹಿರಿಯರು: ಲಂಕಾಶಾಯರದ ಗಿರಣಿಗಳು ಅಮೆರಿಕದ ದಕ್ಷಿಣ ಪ್ರಾಂತಗಳ ಅರಳೆಯನ್ನು ನಂಬಿ ನಿಂತಿದ್ದವು. ಒಬ್ಬನನ್ನೇ ನಂಬಿದ ವ್ಯಾಪಾರಿಗೆ ರಾತ್ರಿ ನಿದ್ರೆ ಬಾರದು. ಆದುದರಿಂದ 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಆ ಪ್ರಾಂತಗಳಿಂದ ಹತ್ತು ಮಂದಿ ಹತ್ತಿಯ ಬೆಳೆಗಾರರನ್ನು ಕರೆಸಿ, ಹಿಂದುಸ್ಥಾನದ ಬೇರೆ ಬೇರೆ ಕಡೆ ಅಮೆರಿಕದ ಬೀಜ ಬಿತ್ತಿ ನೋಡಿರೆಂದು ಕಳುಹಿಸಿತು. ಬಹುತೇಕ ಎಲ್ಲ ಕಡೆಯೂ ಪ್ರಯೋಗ ಸೋತಿತು. ಸೋಲದೆ ನಿಂತದ್ದು ನಮ್ಮ ಧಾರವಾಡ ಸೀಮೆಯಲ್ಲಿ. ಕಲೆಕ್ಟರ ಷಾ ಸಾಹೇಬರು ಬೀಜ ಹಂಚಿದರು. ನ್ಯೂ ಆರ್ಲಿಯನ್ಸಿನ ಗಿಡ ಇಲ್ಲಿಯ ಎರೆಗೆ ಒಗ್ಗಿತು. ಪರದೇಶದ ಪೇಟೆಯಲ್ಲಿ ಅದಕ್ಕೆ ‘ಧಾರವಾಡ ಅಮೆರಿಕನ್’ ಎಂದು ಹೆಸರಾಯಿತು. ನಮ್ಮ ರೈತರು ‘ವಿಲಾಯತಿ ಹತ್ತಿ’ ಎಂದರು. ಹಾಗೆಂದ ದಿನವೇ ಹಳೆಯ ಹತ್ತಿ ‘ಜವಾರಿ ಹತ್ತಿ’ಯಾಯಿತು.

ಕಿರಿಯರು: ಮತ್ತೆ ವಿಶೇಷಣ.

ಹಿರಿಯರು: ಜವಾರಿಗೆ ಇನ್ನೊಂದು ಹೆಸರೂ ಇತ್ತು, ಕುಮಟಾ ಹತ್ತಿ. ಬೆಳೆದದ್ದು ಇಲ್ಲಿ, ಚಕ್ಕಡಿಗಳಲ್ಲಿ ಘಟ್ಟ ಇಳಿದು ಹಡಗು ಹತ್ತಿದ್ದು ಕುಮಟೆಯಲ್ಲಿ, ಪೇಟೆ ಅದಕ್ಕೆ ಹೊಲದ ಹೆಸರನ್ನಿಡದೆ ಬಂದರದ ಹೆಸರನ್ನಿಟ್ಟಿತು. ಇರಲಿ. ಈ ಅರಳೆಯ ಎಸಳನ್ನು ತೆಗೆದುಕೊ. ದೀಪದ ಬತ್ತಿಗೆಂದು ನಿನ್ನ ಚಿಗವ್ವ ತೆಗೆದಿಟ್ಟದ್ದು, ಅಮೆರಿಕದ ಜಾತಿಯದು. ಬೀಜವನ್ನು ಉಗುರಿನಿಂದ ಬೇರೆ ಮಾಡು.

ಕಿರಿಯರು: ಬಿಡುವುದೇ ಇಲ್ಲವಲ್ಲ! ಎಳೆದಷ್ಟೂ ಕಾಳಿಗೆ ನಾರು ಅಂಟಿಕೊಂಡೇ ಇದೆ.

ಹಿರಿಯರು: ಆ ಅಂಟಿನಲ್ಲಿಯೇ ಮುಂದಿನ ಕಥೆಯೆಲ್ಲ ಅಡಗಿದೆ. ಜವಾರಿ ಹತ್ತಿಯನ್ನು ನಮ್ಮ ಹೆಣ್ಣುಮಕ್ಕಳು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಗುಂಡು ಸರಳನ್ನಿಟ್ಟು, ಪಾದದಿಂದ ಉರುಳಿಸಿ ಉರುಳಿಸಿ, ಕಾಳನ್ನು ಹಿಂದೆ ಬಿಟ್ಟು ಅರಳೆಯನ್ನು ಮುಂದೆ ತೆಗೆಯುತ್ತಿದ್ದರು. ವಿಲಾಯತಿ ಹತ್ತಿ ಆ ಪಾದಕ್ಕೆ ಬಗ್ಗಲಿಲ್ಲ. ಅದಕ್ಕೆ ಗರಗಸದ ಹಲ್ಲಿನ ಯಂತ್ರ ಬೇಕು. ಅದೂ ಅಮೆರಿಕದ್ದೇ, ಎಲಿ ವ್ಹಿಟ್ನಿ ಎಂಬವನು 1793ರಲ್ಲಿ ಹೂಡಿದ ಉಪಾಯ. ಯಂತ್ರ ಬಂದರೆ ಅದನ್ನು ಮಾಡುವ, ದುರಸ್ತಿ ಮಾಡುವ ಕಾರ್ಖಾನೆ ಬೇಕು. ಸರಕಾರ ಧಾರವಾಡದಲ್ಲಿ ಅದನ್ನು ತೆರೆಯಿತು. ಅರಳೆ ಹೆಚ್ಚಿದರೆ ಅಂಡಿಗೆ ಕಟ್ಟುವ ಮನೆ ಬೇಕು, ಅಂಡಿಗೆಗೆ ರಸ್ತೆ ಬೇಕು, ರಸ್ತೆಗೆ ಬಂದರ ಬೇಕು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆ, ಧಾರವಾಡದ ಹತ್ತಿಗೆ ಕಾರವಾರವನ್ನು ಬಾಗಿಲು ಮಾಡಬೇಕೆಂಬ ಲಂಕಾಶಾಯರದ ವರ್ತಕರ ಒತ್ತಾಯವಿತ್ತು. ಒಂದು ಕಾಳು ತನ್ನ ನಾರನ್ನು ಬಿಡಲೊಲ್ಲೆನೆಂದದ್ದಕ್ಕೆ ಜಿಲ್ಲೆಯ ಗಡಿಯೇ ಸರಿಯಿತು ಎಂದರೆ, ಅತಿಶಯೋಕ್ತಿ ಎನ್ನುವೆಯಾ?

ಕಿರಿಯರು: ಸ್ವಲ್ಪ ಅತಿಶಯವೇ, ಆದರೂ ಕೇಳಲು ಚೆನ್ನಾಗಿದೆ. ಅದೇ ಹೊತ್ತಿಗೆ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿತ್ತಲ್ಲವೆ?

ಹಿರಿಯರು: 1861ರಿಂದ 1865. ಅಲ್ಲಿಯ ಬಂದರುಗಳು ಮುಚ್ಚಿದವು. ಇಲ್ಲಿಯ ಧಾರಣಿ ಗಗನಕ್ಕೇರಿತು. ಮುಂಬಯಿಯಲ್ಲಿ ಹಣದ ಹುಚ್ಚುಹೊಳೆ ಹರಿಯಿತು. ಆಸೆಗೆ ಬಿದ್ದವರು ಜವಾರಿಯನ್ನು ವಿಲಾಯತಿಯಲ್ಲಿ ಬೆರೆಸಿದರು, ಅಂಡಿಗೆಯೊಳಗೆ ಕಸ ಕಾಳು ತುರುಕಿದರು. ಕಲಬೆರಕೆಯನ್ನು ತಡೆಯಲು 1863ರಲ್ಲಿ ಕಾನೂನೇ ಬಂದಿತು. ಯುದ್ಧ ಮುಗಿದಾಗ ಧಾರಣಿ ಕುಸಿಯಿತು. ಸಾಲ ಮಾತ್ರ ಕುಸಿಯಲಿಲ್ಲ. ಹತ್ತು ವರ್ಷಗಳಾಚೆಗೆ 1876ರ ಭೀಕರ ಕ್ಷಾಮ. ಕ್ಷಾಮದಲ್ಲಿ ಧಾನ್ಯ ತಲಪಿಸುವ ದಾರಿಯಿಲ್ಲವೆಂಬ ಕೂಗಿನಿಂದಲೂ, ಹತ್ತಿ ಸಾಗಿಸುವ ಲಾಭದಿಂದಲೂ ಹುಟ್ಟಿದ್ದು 1882ರ ಸದರ್ನ್ ಮರಾಠಾ ರೈಲ್ವೆ. ಅದರ ಮುಖ್ಯ ಕಚೇರಿ ಧಾರವಾಡದಲ್ಲಿ, ಕಾರ್ಖಾನೆ ಹುಬ್ಬಳ್ಳಿಯಲ್ಲಿ. ಧಾರವಾಡದಲ್ಲಿ ನೀನು ಕಾಣುವ ಕಲ್ಲಿನ ಆ ಗಂಭೀರ ಕಟ್ಟಡ, ಇಂದಿನ ಕರ್ನಾಟಕ ಕಾಲೇಜು, ಮೂಲತಃ ಆ ಕಚೇರಿ. ನಿನ್ನ ಕುಸ್ಕೋದ ಮಠಕ್ಕೆ ಇಂಕಾ ಗೋಡೆ ಹೇಗೋ, ಇದಕ್ಕೆ ಈ ಎರೆಮಣ್ಣು ಹಾಗೆ. ಅಲ್ಲಿ ಸ್ಥಳೀಯರ ಕಲ್ಲಿನ ಮೇಲೆ ಪರಕೀಯರ ಗೋಡೆ. ಇಲ್ಲಿ ಪರಕೀಯ ಬೀಜ, ಸ್ಥಳೀಯರ ಮಣ್ಣು, ಅದರ ಮೇಲೆ ಮತ್ತೆ ಪರಕೀಯರ ಗೋಡೆ.

ಕಿರಿಯರು: ಆ ಬೀಜದ ಬುನಾದಿಯ ಕೆಳಗೆ ಇನ್ನೂ ಒಂದು ಬುನಾದಿಯಿದೆ, ಕಾಕಾ. ನಾನು ಮಿಸಿಸಿಪ್ಪಿ ದಂಡೆಯ ನಾಚೆಝ್ ಎಂಬ ಊರಿನಲ್ಲಿ ಹತ್ತಿಯ ಧಣಿಗಳ ಮನೆಗಳನ್ನು ಕಂಡೆ. ಬಿಳಿಯ ಎತ್ತರದ ಕಂಬಗಳು, ಅಗಲವಾದ ಮೊಗಸಾಲೆ, ಎರಡಾಳೆತ್ತರದ ಕಿಟಕಿಗಳು. ಅಂಥ ಹತ್ತಿಯ ತೋಟಗಳಲ್ಲಿ ಧಣಿಯ ಮನೆಯ ಹಿಂದೆ, ಸಾಲಾಗಿ, ಒಂದು ಕೋಣೆಯ ಹಲಗೆಯ ಗುಡಿಸಲುಗಳು. ಒಂದೊಂದರಲ್ಲಿ ಒಂದೊಂದು ಗುಲಾಮ ಕುಟುಂಬ. ಯುದ್ಧಕ್ಕೆ ಮುನ್ನ ಆ ದೇಶದಲ್ಲಿ ಸುಮಾರು 40 ಲಕ್ಷ ಜನ ಗುಲಾಮರಿದ್ದರು. ಅಲ್ಲಿ ಹತ್ತಿ ಬಿಡಿಸಿದ ಕೈ ಅವರದು. ಧಾರವಾಡಕ್ಕೆ ಬಂದ ಬೀಜವನ್ನು ಆಯ್ದು, ಬೆಳೆಸಿ, ಕಾಪಾಡಿದ ಕೈಯೂ ಅವರದೇ ಇದ್ದೀತು. ಧಣಿಯ ಮನೆಗೆ ಇಂದು ಟಿಕೀಟಿಟ್ಟು ತೋರಿಸುತ್ತಾರೆ; ಗುಡಿಸಲುಗಳಲ್ಲಿ ಬಹಳಷ್ಟು ಉಳಿದೇ ಇಲ್ಲ. ಅದಕ್ಕೇ ಕೇಳುತ್ತೇನೆ: ನಮ್ಮ ಕಾಲೇಜಿನ ಕಟ್ಟಡವನ್ನು ‘ಭವ್ಯ ಪರಂಪರೆ’ ಎಂದು ಹೊಗಳುವಾಗ ನಾವು ಯಾರನ್ನು ಹೊಗಳುತ್ತೇವೆ?

ಹಿರಿಯರು: ನಿನ್ನ ಪ್ರಶ್ನೆ ತೀಕ್ಷ್ಣವಾದದ್ದು, ಉತ್ತರ ಅಷ್ಟು ತೀಕ್ಷ್ಣವಾಗಿರಲಾರದು. 1908ರಲ್ಲಿ ಆ ರೈಲ್ವೆ ಮದರಾಸಿನ ರೈಲ್ವೆಯೊಡನೆ ಕೂಡಿತು, ಆಡಳಿತ ಮದರಾಸಿಗೆ ಹೋಯಿತು, ಕಟ್ಟಡ ಉಳಿಯಿತು. ಕಾಲೇಜು ಸ್ಥಾಪನೆಯಾದದ್ದು 1917ರಲ್ಲಿ. ಅಂಡಿಗೆಗಳ ಬಾಡಿಗೆಯನ್ನು ಲೆಕ್ಕಹಾಕಿದ ಕೋಣೆಗಳಲ್ಲಿ, ಆ ಅಂಡಿಗೆ ತುಂಬಿದವರ ಮೊಮ್ಮಕ್ಕಳು ಕುಳಿತು ಪಂಪನನ್ನೂ ಷೇಕ್ಸ್‌ಪಿಯರನನ್ನೂ ಓದಿದರು. ಕಟ್ಟಡಗಳಿಗೂ ಜನ್ಮಾಂತರವುಂಟು, ತಮ್ಮಾ. ಪೂರ್ವಜನ್ಮದ ಕರ್ಮಕ್ಕಾಗಿ ಈ ಜನ್ಮದ ಕೂಸನ್ನು ಹೊಡೆಯಲಾಗದು.

ಕಿರಿಯರು: ಹೊಡೆಯಬೇಕಾಗಿಲ್ಲ. ಆದರೆ ಕೂಸಿಗೆ ತನ್ನ ಪೂರ್ವಜನ್ಮ ಮರೆತುಹೋದರೆ, ಮರೆತದ್ದೇ ಮುಕ್ತಿಯೆಂದು ತಿಳಿಯಬಾರದಷ್ಟೆ. ನಾನು ಆ ಮೊಗಸಾಲೆಯಲ್ಲಿ ಮೂರು ವರ್ಷ ಓಡಾಡಿದೆ. ಆ ಕಲ್ಲುಗಳಿಗೂ ನಮ್ಮ ಹೊಲಕ್ಕೂ ಸಂಬಂಧವಿದೆಯೆಂದು ಒಬ್ಬರೂ ಹೇಳಲಿಲ್ಲ. ನೀವೂ ಇಂದೇ ಹೇಳುತ್ತಿದ್ದೀರಿ.

ಹಿರಿಯರು: ಒಪ್ಪಿದೆ. ನನಗೂ ಇದು ನಿನ್ನ ವಯಸ್ಸಿನಲ್ಲಿ ಹೊಳೆದಿರಲಿಲ್ಲ. ನಾವು ಕಟ್ಟಡವನ್ನು ಕಣ್ಣೆತ್ತಿ ನೋಡುತ್ತೇವೆ, ಹೊಲವನ್ನು ತಲೆತಗ್ಗಿಸಿ ನೋಡುತ್ತೇವೆ. ಎರಡನ್ನೂ ಒಂದೇ ನೋಟದಲ್ಲಿ ಕಾಣುವ ಅಭ್ಯಾಸ ನಮಗಾಗಲಿಲ್ಲ.

ಕಿರಿಯರು: ಹಾಗಿದ್ದರೆ ಈ ಕೊಡುಕೊಳ್ಳುವಿಕೆಯಲ್ಲಿ ನಮ್ಮಿಂದ ಅಲ್ಲಿಗೆ ಹೋದದ್ದೇನೂ ಇಲ್ಲವೆ? ಕ್ಯಾಲಿಫೋರ್ನಿಯಾದಲ್ಲಿ ನಾನಿರುವ ಬೀದಿಯ ಮನೆಗಳಿಗೆ ‘ಬಂಗಲೆ’ ಎನ್ನುತ್ತಾರೆ. ತಗ್ಗಾದ ಛಾವಣಿ, ಮುಂದೆ ಜಗುಲಿ. ನೂರು ವರ್ಷಗಳ ಹಿಂದಿನವು. ಹೆಸರು ಬಂಗಾಳದ್ದು.

ಹಿರಿಯರು: ಬಂಗಾಳದ ಹುಲ್ಲುಮನೆಯನ್ನು ಆಂಗ್ಲನು ಸಾಹೇಬರ ವಸತಿಯಾಗಿಸಿದ, ಸಾಹೇಬರ ವಸತಿ ಸಮುದ್ರ ದಾಟಿ ಸಾಮಾನ್ಯರ ಮನೆಯಾಯಿತು. ಒಳ್ಳೆಯದೇ. ಬೀಜದ ವಿಷಯದಲ್ಲಿಯೂ ನಾವು ಬರಿಯ ಕೈಯೊಡ್ಡಿದವರಾಗಿ ಉಳಿಯಲಿಲ್ಲ. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಬಿ.ಎಚ್. ಕಟರಕಿಯವರು ‘ವರಲಕ್ಷ್ಮಿ’ ಎಂಬ ಸಂಕರ ಹತ್ತಿಯನ್ನು ಹೊರತಂದರು. ಅದರ ತಾಯಿ ನಮ್ಮ ‘ಲಕ್ಷ್ಮಿ’, ಮೆಕ್ಸಿಕೋ ಮೂಲದ ಜಾತಿಯವಳು. ತಂದೆ ಪೆರುವಿನ ಕಡಲಂಚಿನಲ್ಲಿ ಹುಟ್ಟಿದ ಜಾತಿಯವನು, ರಶಿಯದ ಮಾರ್ಗವಾಗಿ ಬಂದವನು. ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ರೈತನ ಹೊಲಕ್ಕೆ ಇಳಿಸಿದ್ದು ಜಗತ್ತಿನಲ್ಲಿ ಅದೇ ಮೊದಲು. ಮೆಕ್ಸಿಕೋದ ಕನ್ಯೆ, ಪೆರುವಿನ ವರ, ಧಾರವಾಡದ ಹಂದರ. ಅಮೆರಿಕದ ಎರಡು ಖಂಡಗಳಿಗೆ ಬೀಗತನ ಬೆಳೆಸಿದವರು ನಾವು.

ಕಿರಿಯರು: ಅಕ್ಷತೆಗೆ ದುಡ್ಡು ಕೊಟ್ಟವರು ಯಾರು?

ಹಿರಿಯರು: ನೀನು ನನ್ನನ್ನು ಹಿಗ್ಗಲು ಬಿಡುವುದಿಲ್ಲ! ಅಹುದು, ಸಂಕರದ ಬೀಜವನ್ನು ತೆಗೆದಿಟ್ಟು ಮರುವರ್ಷ ಬಿತ್ತಿದರೆ ಅದು ತನ್ನ ಗುಣ ಕಾಯದು. ಕಾಳನ್ನು ಕಾದಿಟ್ಟುಕೊಂಡ ಮನೆ, ವರ್ಷವರ್ಷವೂ ಚೀಲ ಕೊಳ್ಳುವ ಮನೆಯಾಯಿತು. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಬಂದ ಮೇಲೆ ಚೀಲದ ಒಳಗಿನ ಗುಟ್ಟು ಮತ್ತೆ ಅಮೆರಿಕದ್ದಾಯಿತು. ಆದುದರಿಂದ, ಹೊರಗಿನದು ಒಳಗಿನದಾಯಿತೆಂದು ಹೇಳುವಾಗ ನಾನು ಈಗ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಅದನ್ನು ದಿನವೂ ಬಳಸುವವರು ನಾವೋ? ಕೆಟ್ಟರೆ ತಿದ್ದಿ, ತೀರಿದರೆ ಮತ್ತೆ ಮಾಡಿಕೊಳ್ಳಬಲ್ಲವರೂ ನಾವೋ? ಮೆಣಸಿನಕಾಯಿಯ ಬೀಜವನ್ನು ನಿನ್ನ ಚಿಗವ್ವ ಗಂಟುಕಟ್ಟಿ ಮಾಡದಲ್ಲಿಟ್ಟಿದ್ದಾಳೆ. ಆದುದರಿಂದ ಅದು ನಮ್ಮದು. ಹತ್ತಿಯ ಬೀಜ ಅಂಗಡಿಯಲ್ಲಿದೆ. ನೂರಾ ಎಂಬತ್ತು ವರ್ಷವಾದರೂ ಅದು ಇನ್ನೂ ವಿಲಾಯತಿಯೇ.

ಕಿರಿಯರು: ಕಾಲೇಜಿನ ಕಟ್ಟಡ?

ಹಿರಿಯರು: ಅದನ್ನು ಬಳಸುತ್ತಿದ್ದೇವೆ. ಒಂದು ಕಲ್ಲು ಸರಿದರೆ ಅದೇ ಹದದಲ್ಲಿ ಕೂಡಿಸುವ ಉಪ್ಪಾರರನ್ನು ಉಳಿಸಿಕೊಂಡರೆ, ಅದರ ಕಥೆಯನ್ನು ಹೊಲದ ಕಥೆಯೊಡನೆ ಸೇರಿಸಿ ಮಕ್ಕಳಿಗೆ ಹೇಳಿದರೆ, ನಮ್ಮದು. ಅದುವರೆಗೆ ನಾವು ಅದರ ಒಕ್ಕಲು.

ಅಷ್ಟರಲ್ಲಿ ಗಾಳಿ ತಿರುಗಿ, ಹೆದ್ದಾರಿಯ ಸದ್ದನ್ನು ತುಸು ಹಿಂದೆ ತಳ್ಳಿ, ಮಣ್ಣಿನ ವಾಸನೆಯನ್ನು ತಂದಿತು. ಕಿರಿಯರು ತೊಡೆಯ ಮೇಲಿಟ್ಟುಕೊಂಡಿದ್ದ ಮಂಗಳೂರು ಹಂಚನ್ನು ಎತ್ತಿ, ಒಟ್ಟಿಲಿನ ಮೇಲೆ ಇಡಲು ಹೋಗುತ್ತಿದ್ದರು. ಒಳಗಿನಿಂದ ರೊಟ್ಟಿ ತಟ್ಟುವ ಸಪ್ಪಳ ನಿಂತು, ಕೂಗು ಕೇಳಿಸಿತು:

“ಹಂಚು ಕಾದೈತಿ, ಬರ್ರಿ ಇಬ್ರೂ!”

ಕಿರಿಯರು ಕೈಯಲ್ಲಿದ್ದುದನ್ನು ಒಮ್ಮೆ ನೋಡಿ ನಕ್ಕರು.

ಹಿರಿಯರು: ನಗಬೇಡ. ಈ ಮನೆಯಲ್ಲಿ ಇನ್ನೂ ವಿಶೇಷಣ ಹತ್ತದೆ ಉಳಿದಿರುವ ಹಂಚು ಅದೊಂದೇ. ಏಳು, ಆರುವುದರೊಳಗೆ ಹೋಗೋಣ.